ಒಂದು ಕಂಪ್ಯೂಟರು, ಒಂದೇ ಟಾರ್ಪಾಲು

ಹಳೆಯದನ್ನು ಕೂಡಿಡುವವರಲ್ಲೂ ದರ್ಜೆಗಳಿವೆ. ಅಂಚೆಚೀಟಿ ಕೂಡಿಡುವವನನ್ನು ಜನ ಓದಿಕೊಂಡವನು ಎನ್ನುತ್ತಾರೆ. ಹಳೆಯ ನಾಣ್ಯ ಕೂಡಿಡುವವನ ಹತ್ತಿರ ಏನೋ ಇರಬೇಕು ಎಂದು ಮರ್ಯಾದೆ ಕೊಡುತ್ತಾರೆ. ಅಜ್ಜಿ ಕಾಲದ ಹಿತ್ತಾಳೆ ಕೊಳಗ, ಕಡಗೋಲು, ಬೀಸುಕಲ್ಲು ತಂದು ಹಜಾರದಲ್ಲಿಟ್ಟುಕೊಂಡವನನ್ನು ಪತ್ರಿಕೆಯವರೇ ಹುಡುಕಿಕೊಂಡು ಬಂದು ಫೋಟೋ ತೆಗೆಯುತ್ತಾರೆ. ಆದರೆ ಹಳೆಯ ಕಂಪ್ಯೂಟರುಗಳನ್ನು ಕೂಡಿಡುವವನಿಗೆ ಹುಣಸೂರಿನಲ್ಲಿ ಸಿಕ್ಕುವ ಬಿರುದು ಗುಜರಿ ಎನ್ನುವುದೊಂದೇ. ನಾನಿದನ್ನು ಬೇಸರದಿಂದ ಹೇಳುತ್ತಿಲ್ಲ. ನನ್ನ ಮೇಲೆ ನನಗೆ ಮೊದಲಿನಿಂದಲೂ ಬಹಳ ನಂಬಿಕೆ. ಇನ್ನು ಐವತ್ತು ವರ್ಷ ಹೋಗಲಿ, ಇವುಗಳನ್ನು ನೋಡಲು ನಮ್ಮ ಮನೆ ಮುಂದೆ ಜನ ಸಾಲು ನಿಲ್ಲುತ್ತಾರೆ ಎಂದು ಹೆಂಡತಿಗೆ ಹೇಳಿಟ್ಟಿದ್ದೆ. "ನಿಂತ್ಕೊಳ್ಲಿ. ಐವತ್ತು ವರ್ಷ ಆಗೋವರ್ಗೂ ರಾಗಿ ಮೂಟೆ ಎಲ್ಲಿಡ್ಲಿ, ಅದನ್ನ ಮೊದ್ಲು ಹೇಳಿ" ಎಂದು ಅವಳು ಕೇಳಿದಳು. ಅಂಗಡಿಗೆ ಹೊತ್ತಾಯಿತೆಂದು ನಾನು ಹೊರಟೆ.

ನನ್ನ ಅಂಗಡಿ ತಾಲ್ಲೂಕು ಕಚೇರಿಯ ಎದುರಿಗಿದೆ. ಅರ್ಜಿ, ಕರಾರು, ಅಫಿಡವಿಟ್ಟುಗಳನ್ನು ಕಂಪ್ಯೂಟರಿನಲ್ಲಿ ಅಚ್ಚು ಮಾಡಿಕೊಡುವುದು ನನ್ನ ಕಸುಬು. 'ಮೇಲ್ಕಂಡ ಸಂಗತಿಗಳೆಲ್ಲ ನನ್ನ ತಿಳುವಳಿಕೆಯಂತೆ ಸತ್ಯವಾಗಿರುತ್ತವೆ' ಎಂಬ ಸಾಲನ್ನು ಬೆಳಗಿನಿಂದ ಸಂಜೆಯವರೆಗೆ ಊರವರ ಪರವಾಗಿ ನಾನೇ ಕುಟ್ಟುತ್ತೇನೆ. ಈ ಸಾಲು ಮುಂದೆ ನನಗೇ ತಿರುಗಿಕೊಳ್ಳುತ್ತದೆ ಎಂದು ಆಗ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಹೊಸ ಕಂಪ್ಯೂಟರು, ಮನೆಯಲ್ಲಿ ಹಳೆಯವು. ಅಡುಗೆಮನೆಯ ಹಿಂದಿನ ಸಣ್ಣ ಕೋಣೆಯಲ್ಲಿ ಹನ್ನೊಂದು ಸೇರಿದ್ದವು. ಎಲ್ಲವೂ ಬಣ್ಣವಿಲ್ಲದ ಪರದೆಯವು, ಹಪ್ಪಳದಂಥ ಅಗಲವಾದ ಫ್ಲಾಪಿ ನುಂಗುವಂಥವು. ಒಂದಕ್ಕೂ ಜೀವವಿರಲಿಲ್ಲ. ನನ್ನ ಹೆಂಡತಿ ಜಯ, ಭೇರ್ಯದ ಕಡೆಯವಳು, ಪ್ರಾಥಮಿಕ ಶಾಲೆಯ ಟೀಚರು. ಮಕ್ಕಳಿಗೆ ಗಡುವು ಕೊಟ್ಟು ಅಭ್ಯಾಸವಾದ್ದರಿಂದ ನನಗೂ ಒಂದು ಕೊಟ್ಟಳು. ಗೌರಿಹಬ್ಬದೊಳಗೆ ಇವುಗಳಲ್ಲಿ ಒಂದಾದರೂ ಎದ್ದು ಕೂತು ಒಂದಾದರೂ ಉಪಯೋಗದ ಕೆಲಸ ಮಾಡಬೇಕು. ಇಲ್ಲವಾದರೆ ಎಲ್ಲವೂ ಗುಜರಿಗೆ, ಕೋಣೆ ರಾಗಿಗೆ.

ನಾನು ಒಪ್ಪಿದೆ. ಹೆದರಿ ಒಪ್ಪಿದ್ದಲ್ಲ. ಹಳೆಯ ಕಂಪ್ಯೂಟರಿನ ವಿಷಯದಲ್ಲಿ ಈ ನಾಲ್ಕು ತಾಲ್ಲೂಕುಗಳಲ್ಲಿ ನನ್ನಷ್ಟು ಬಲ್ಲವರು ಇಲ್ಲ, ಏಕೆಂದರೆ ಬೇರೆ ಯಾರೂ ಅದನ್ನು ಕೂಡಿಡುವುದಿಲ್ಲ. ಮುಚ್ಚಳ ತೆಗೆದು ಒಳಗೆ ಒಮ್ಮೆ ಊದಿದರೆ ಸಾಕು, ಅದು ಯಾವ ಊರಿನದೆಂದು ಹೇಳಬಲ್ಲೆ. ಕೆ.ಆರ್. ನಗರದ ರೈಸ್ ಮಿಲ್ಲಿನಿಂದ ಬಂದದ್ದರೊಳಗೆ ಅಕ್ಕಿ ತೌಡು ಕೂತಿರುತ್ತದೆ. ಕೋಟೆ ತಾಲ್ಲೂಕಿನ ಕಡೆಯದಾದರೆ ಹತ್ತಿಯ ಎಳೆ. ಬೀಚನಹಳ್ಳಿಯ ನೀರಾವರಿ ನೌಕರರೊಬ್ಬರ ಮನೆಯಿಂದ ತಂದದ್ದರೊಳಗೆ ಹಲ್ಲಿ ಮೊಟ್ಟೆಯಿಟ್ಟು ಮರಿಗಳು ದೊಡ್ಡವಾಗಿ ಹೋಗಿ, ಚಿಪ್ಪು ಮಾತ್ರ ಉಳಿದಿತ್ತು. ಯಂತ್ರ ನೋಡಿ ಅದನ್ನು ಇಟ್ಟುಕೊಂಡಿದ್ದವನ ಗುಣಸ್ವಭಾವವನ್ನೂ ಹೇಳುತ್ತೇನೆಂದು ನಾನು ಕೊಚ್ಚಿಕೊಳ್ಳುವುದಿತ್ತು. ಯಾರೂ ಕೇಳುತ್ತಿರಲಿಲ್ಲ, ಆದರೂ ಹೇಳುತ್ತಿದ್ದೆ.

ಕಂಪ್ಯೂಟರಿನ ಮಾತು ಬಂದ ಮೇಲೆ ನನ್ನ ಹೆಸರುವಾಸಿ ಕತೆಯನ್ನೂ ಹೇಳಬೇಕು. ನಾನು ಮದುವೆಮನೆಗಳಲ್ಲಿ ಬೇಡಿಕೆಯಿರುವ ಮನುಷ್ಯ. ಊಟದ ಎರಡನೇ ಪಂಕ್ತಿಗೆ ಕಾಯುವಾಗ ಯಾರಾದರೂ "ಆ ಬ್ಯಾರನ್ ಕತೆ ಹೇಳಪ್ಪ" ಎನ್ನುತ್ತಿದ್ದರು. ಸುಮಾರು ಹತ್ತು ವರ್ಷ ಅದನ್ನು ಹೇಳಿದ್ದೇನೆ, ಹೇಳಿ ಹೇಳಿ ನುಣುಪು ಮಾಡಿದ್ದೇನೆ. ಕತೆ ಹೀಗಿದೆ. ತೊಂಬತ್ತರ ದಶಕದ ನಡುವೆ ನಾನು ಹುಣಸೂರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಅದನ್ನು ನಡೆಸುತ್ತಿದ್ದವರು ನಿವೃತ್ತ ಹೆಡ್‌ಮಾಸ್ಟರು ನಂಜುಂಡಯ್ಯನವರು. ಆ ಕಾಲದಲ್ಲಿ ಕಂಪ್ಯೂಟರ್ ಇರುವ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಆಯುಧಪೂಜೆಯ ದಿನ ಅದರ ಹಣೆಗೆ ವಿಭೂತಿ ಬಳಿದು, ಮುಂದೆ ಕುಂಬಳಕಾಯಿ ಒಡೆಯುತ್ತಿದ್ದೆವು. ಹೊಸ ವಿದ್ಯಾರ್ಥಿಗಳು ಸೇರಲಿ ಎಂದು ಹಾರನಹಳ್ಳಿಯ ಶಾಲೆಯಲ್ಲಿ ಒಂದು ಕಂಪ್ಯೂಟರನ್ನು ಪ್ರದರ್ಶನಕ್ಕಿಡುವುದೆಂದು ಮೇಷ್ಟ್ರು ತೀರ್ಮಾನಿಸಿದರು. ಸಿದ್ದರಾಜು ಎಂಬುವವನ ಲಗೇಜ್ ಆಟೋದಲ್ಲಿ ಅದನ್ನು ಹೇರಿಕೊಂಡು ನಾನು ಹೊರಟೆ. ಅವನು ಟಾರ್ಪಾಲು ತರುವುದನ್ನು ಮರೆತ. ಪಿರಿಯಾಪಟ್ಟಣ ಇನ್ನೇನು ಬಂತು ಎನ್ನುವಾಗ ಮಳೆ ಹಿಡಿಯಿತು, ಕಂಪ್ಯೂಟರು ತೊಪ್ಪೆಯಾಯಿತು. ಆಗ ಆ ಮಹಾನುಭಾವ ಸಿದ್ದರಾಜು, ಇಲ್ಲೇ ನಮ್ಮ ಮಾವನ ಬ್ಯಾರನ್ ಇದೆ, ಒಳಗಿಟ್ಟರೆ ಕ್ಷಣದಲ್ಲಿ ಒಣಗುತ್ತದೆ ಎಂದು ತಾನೇ ಹೊತ್ತುಕೊಂಡು ಹೋಗಿ ಇಟ್ಟ.

ಹೊಗೆಸೊಪ್ಪಿನ ಬ್ಯಾರನ್ ನೋಡದವರಿಗೆ ಎರಡು ಮಾತು. ಅದು ಎತ್ತರದ ಇಟ್ಟಿಗೆಯ ಮನೆ. ಒಳಗೆ ಕಡ್ಡಿಗಳಿಗೆ ಕಟ್ಟಿದ ಹಸಿ ಎಲೆಗಳನ್ನು ಅಂತಸ್ತು ಅಂತಸ್ತಾಗಿ ತೂಗುಬಿಟ್ಟಿರುತ್ತಾರೆ. ಹೊರಗಿನ ಒಲೆಯ ಕಾವು ಕೊಳವೆಗಳ ಮೂಲಕ ಒಳಗೆ ಸುತ್ತುತ್ತದೆ. ಒಮ್ಮೆ ಒಲೆ ಹಚ್ಚಿದ ಮೇಲೆ ಎಲೆ ಹಳದಿಗೆ ತಿರುಗಿ ದಂಟು ಒಣಗುವತನಕ, ಐದಾರು ದಿನ, ಬಾಗಿಲು ತೆಗೆಯುವಂತಿಲ್ಲ. ತೆಗೆದರೆ ಕಾವು ತಪ್ಪಿ ಅಷ್ಟೂ ಎಲೆಯ ಬಣ್ಣ ಕೆಡುತ್ತದೆ. ಸಿದ್ದರಾಜುವಿನ ಮಾವ ಕಾಳಪ್ಪ ಆವತ್ತು ಆಗತಾನೇ ಎಲೆ ಏರಿಸಿ ಮುಗಿಸಿದ್ದ. ನಾವು ಟೀ ಕುಡಿದು ಬರುವಷ್ಟರಲ್ಲಿ ಒಳಗೆ ಇಣುಕಿಯೂ ನೋಡದೆ ಬಾಗಿಲು ಮುಚ್ಚಿ ಸಂದುಗಳಿಗೆ ಮಣ್ಣು ಮೆತ್ತಿ ಒಲೆಗೆ ಬೆಂಕಿ ಹಾಕಿದ್ದ. ಕಂಪ್ಯೂಟರು ಹೊಗೆಸೊಪ್ಪಿನ ಜೊತೆ ಆರು ದಿನ ಬೆಂದಿತು. "ಆರನೇ ದಿನ ಹೊರಗೆ ತೆಗೆದ್ರೆ ಏನು ಬಣ್ಣ ಅಂತೀರಿ, ಹರಾಜಿಗೆ ಹಾಕಿದ್ರೆ ಫಸ್ಟ್ ಗ್ರೇಡು" ಎಂದು ನಾನು ಮುಗಿಸುವಾಗ ಪಂಕ್ತಿಯಲ್ಲಿ ಕೂತವರ ಎಲೆಯ ಮೇಲಿನ ಪಾಯಸವೂ ಅಲುಗಾಡುತ್ತಿತ್ತು. ಡ್ರೈವರನ ಹೆಸರನ್ನು ಪ್ರತಿ ಸಲವೂ ಹೇಳುತ್ತಿದ್ದೆ. ಹೆಸರಿಲ್ಲದ ಡ್ರೈವರು ಕತೆಗೆ ರುಚಿ ಕೊಡುವುದಿಲ್ಲ.

ಗಡುವಿಗೆ ಬರುತ್ತೇನೆ. ಆಷಾಢದ ಒಂದು ಭಾನುವಾರ, ನನ್ನ ಹನ್ನೊಂದರಲ್ಲಿ ಒಂದಕ್ಕಾದರೂ ಹೊಂದುವ ಬಿಡಿಭಾಗ ಸಿಕ್ಕೀತೆಂದು ಪಿರಿಯಾಪಟ್ಟಣದ ಗುಜರಿ ಅಂಗಡಿಗೆ ಹೋದೆ. ಸೈಕಲ್ ರಿಮ್ಮುಗಳ ಹಿಂದೆ, ಮುರಿದ ಕೊಡಗಳ ನಡುವೆ ಒಂದು ಪರದೆ, ಅದರ ಕೆಳಗೆ ಪೆಟ್ಟಿಗೆ. ಅದೇ ಜಾತಿಯದು, ಅದೇ ಕಾಲದ್ದು. ಹಳದಿ ತಿರುಗಿದ ಮೈ, ಪರದೆಯ ಎಡಗಡೆಯ ಕೆಳಮೂಲೆ ಬಿಸಿಗೆ ಬಾಗಿದಂತೆ ಸೊಟ್ಟಗಾಗಿತ್ತು. ಮೂಗಿಟ್ಟು ನೋಡಿದೆ. ಗಾಢವಾದ ಹೊಗೆಸೊಪ್ಪಿನ ವಾಸನೆ. ಗುಜರಿಯವನು ಕೇಳದಿದ್ದರೂ ನಾನು ಶುರು ಮಾಡಿದೆ. "ನೋಡಿ ಸ್ವಾಮಿ, ಇದನ್ನ ಇಟ್ಕೊಂಡಿದ್ದೋನು ದಿನಕ್ಕೆ ಎರಡು ಕಟ್ಟು ಬೀಡಿ ಸೇದ್ತಿದ್ದ. ಒಲೆ ಪಕ್ಕ ಇಟ್ಟಿದ್ದಾನೆ, ಅದ್ಕೇ ಮೂಲೆ ಕರಗಿದೆ. ಬೇಜವಾಬ್ದಾರಿ ಮನುಷ್ಯ. ತನ್ನ ಸುಖ ನೋಡ್ಕೊಂಡು ಮಿಷಿನ್ನು ಹಾಳಾಗ್ಲಿ ಅಂತ ಬಿಟ್ಟೋನು" ಎಂದೆ. ಅವನು ತಲೆಯಾಡಿಸಿ, ಕಬ್ಬಿಣದ ಲೆಕ್ಕದಲ್ಲೇ ಅದನ್ನು ತೂಗಿ ಕೊಟ್ಟು, ಸ್ಟ್ಯಾಂಡಿನಿಂದ ಒಂದು ಲಗೇಜ್ ಆಟೋ ಕೂಗಿಸಿದ.

ಆಟೋ ಬಂತು. ಇಳಿದವನಿಗೆ ಕಿವಿಯ ಹತ್ತಿರ ಕೂದಲು ನರೆತಿತ್ತು, ದಪ್ಪ ಮೀಸೆ. ಪರದೆಯನ್ನು ಎತ್ತಲು ಬಗ್ಗಿದವನು ಆ ಸೊಟ್ಟ ಮೂಲೆಯ ಮೇಲೆ ಅಂಗೈ ಇಟ್ಟು ಹಾಗೇ ನಿಂತ.

"ಇದು ಇನ್ನೂ ಅದಾ ಸಾ?" ಎಂದ.

"ಯಾವುದಪ್ಪ?"

"ನಮ್ ಕಾಳಪ್ಪ ಮಾವನ್ ಬ್ಯಾರನ್ನಲ್ಲಿ ಆರ್ ದಿವ್ಸ ಇತ್ತಲ್ಲ, ಅದೇಯ. ಈ ಮೂಲೆ ಕೊಳವೆ ಕಡೀಕೆ ಇತ್ತು."

ದನಿ ಕೇಳಿದ ಮೇಲೆ ಮೀಸೆಯ ಹಿಂದಿನ ಮುಖ ಕಾಣಿಸಿತು. ಸಿದ್ದರಾಜು. ಈ ನಾಲ್ಕು ತಾಲ್ಲೂಕುಗಳ ಅಷ್ಟು ಗುಜರಿ ಅಂಗಡಿಗಳಲ್ಲಿ ನಾನು ಹೊಕ್ಕಿದ್ದು ಇದನ್ನು, ಅಷ್ಟು ಕಬ್ಬಿಣದ ನಡುವೆ ಕೈ ಹಾಕಿದ್ದು ಇದಕ್ಕೆ, ಸ್ಟ್ಯಾಂಡಿನಲ್ಲಿ ನಿಂತ ಅಷ್ಟು ಆಟೋಗಳಲ್ಲಿ ಬಂದದ್ದು ಇವನದು. ನಾನು ಬಾಯಿ ತೆರೆಯುವ ಮೊದಲೇ ಗುಜರಿಯವನು ಉತ್ಸಾಹದಿಂದ ಅವನಿಗೆ ವರದಿ ಒಪ್ಪಿಸಿದ. "ಸಾಹೇಬ್ರು ವಾಸ್ನೆ ನೋಡೇ ಏಳ್ಬುಟ್ರು ಕಣ. ಇದ್ನ ಮಡಿಕಂಡಿದ್ದೋನು ಬೀಡಿ ಸೇದ್ತಿದ್ನಂತೆ, ಬೇಜವಾಬ್ದಾರಿಯಂತೆ, ತನ್ ಸುಖ ನೋಡ್ಕಳೋನಂತೆ."

ಸಿದ್ದರಾಜು ನನ್ನ ಮುಖ ನೋಡಿ, "ಸರ್ಯಾಗೇ ಏಳವ್ರೆ ಬುಡು. ಬೀಡಿ ಒಂದು ಸೇದ್ತಿರ್ನಿಲ್ಲ" ಎಂದ.

ಈಗ ನಿಜ ಹೇಳುತ್ತೇನೆ. ಆ ದಿನ ಅವನು ಟಾರ್ಪಾಲು ತಂದಿದ್ದ. ಹುಣಸೂರಿನಲ್ಲೇ ಕಂಪ್ಯೂಟರಿನ ಪೆಟ್ಟಿಗೆಗಳ ಮೇಲೆ ಹೊದಿಸಿ ಹಗ್ಗ ಬಿಗಿದಿದ್ದ. ನಾನು ಪ್ರದರ್ಶನಕ್ಕೆಂದು ಹೊಸ ಸಫಾರಿ ಸೂಟು ಹೊಲಿಸಿಕೊಂಡಿದ್ದೆ, ಬಿಸ್ಕತ್ತಿನ ಬಣ್ಣದ್ದು. ಲಗೇಜ್ ಆಟೋದಲ್ಲಿ ಡ್ರೈವರನ ಪಕ್ಕ ಕೂರುವವನಿಗೆ ಬಾಗಿಲಿಲ್ಲ, ಇರಚಲು ನೇರ ಮೈಗೆ. ಮಳೆ ಹೊಡೆಯುತ್ತಿದ್ದಂತೆ ಗಾಡಿ ನಿಲ್ಲಿಸಲು ಹೇಳಿ ಟಾರ್ಪಾಲನ್ನು ಬಿಚ್ಚಿಸಿ ನಾನು ಹೊದ್ದುಕೊಂಡೆ. ಸಿದ್ದರಾಜು ಬೇಡ ಸಾ ಎಂದ. ಕಂಪ್ಯೂಟರಿಗೆ ರಟ್ಟಿನ ಪೆಟ್ಟಿಗೆ ಇದೆ, ಅದರೊಳಗೆ ಥರ್ಮಾಕೋಲ್ ಇದೆ, ನನಗೇನಿದೆ ಎಂದು ನಾನು ಕೇಳಿದೆ. ಆಗಲೂ ನನ್ನ ಮೇಲೆ ನನಗೆ ಬಹಳ ನಂಬಿಕೆ. ಬ್ಯಾರನ್ನಿನ ಉಪಾಯವೂ ನನ್ನದೇ. "ಅದು ಒಗೆಸೊಪ್ಪಿಗೆ ಕಟ್ಟಿರೋದು ಸಾ" ಎಂದು ಅವನು ಹೇಳಿದಾಗ, ಶಾಖ ಎಂದರೆ ಶಾಖ, ವಿಜ್ಞಾನದಲ್ಲಿ ಹೊಗೆಸೊಪ್ಪಿನ ಶಾಖ ಕಂಪ್ಯೂಟರಿನ ಶಾಖ ಎಂದು ಎರಡಿಲ್ಲ ಎಂದು ಪಾಠ ಮಾಡಿದ್ದೆ. ಆ ಸಂಜೆ ಹುಣಸೂರಿಗೆ ಬಂದು ನಂಜುಂಡಯ್ಯ ಮೇಷ್ಟ್ರ ಮುಂದೆ ನಿಂತಾಗ, ಇವನು ಟಾರ್ಪಾಲು ತರಲಿಲ್ಲ ಸರ್, ಬ್ಯಾರನ್ನಿಗೂ ಇವನೇ ಇಟ್ಟ ಎಂದುಬಿಟ್ಟೆ. ಸಿದ್ದರಾಜು ನೀರು ತೊಟ್ಟಿಕ್ಕಿಸುತ್ತ ಬಾಗಿಲಲ್ಲಿ ನಿಂತಿದ್ದ. ಓದಿದ ಮನುಷ್ಯನ ಮಾತಿನ ಮುಂದೆ ತನ್ನ ಮಾತು ನಿಲ್ಲುವುದಿಲ್ಲ ಎಂದುಕೊಂಡನೋ ಏನೋ, ಒಂದು ಮಾತನ್ನೂ ಆಡಲಿಲ್ಲ. ಆಮೇಲೆ ನಾನು ಆ ಸುಳ್ಳನ್ನು ಎಷ್ಟು ಸಲ ಹೇಳಿದೆನೆಂದರೆ, ಟಾರ್ಪಾಲು ಇರಲೇ ಇಲ್ಲವೆಂದು ನನಗೇ ಅರ್ಧ ನಂಬಿಕೆ ಬಂದಿತ್ತು.

ಪೆಟ್ಟಿಗೆ ಹೇರಿ, ಟಾರ್ಪಾಲು ಹೊದಿಸಿ, ಹಗ್ಗಕ್ಕೆ ನಾಲ್ಕು ಕಡೆ ಗಂಟು ಹಾಕಿ ಸಿದ್ದರಾಜು ಗಾಡಿ ಬಿಟ್ಟ. ಎರಡೂ ಕಡೆ ಹೊಲಗಳಲ್ಲಿ ಹೊಗೆಸೊಪ್ಪು ಎದೆಯೆತ್ತರ ನಿಂತಿತ್ತು, ಕೆಳಗಿನ ಎಲೆ ಮುರಿಯುತ್ತಿದ್ದರು. ನೀನು ಹುಣಸೂರು ಸ್ಟ್ಯಾಂಡ್ ಯಾಕೆ ಬಿಟ್ಟೆ ಎಂಬ ಪ್ರಶ್ನೆ ನನ್ನ ಬಾಯಿಂದ ಹೇಗೆ ಬಂತೋ ಕಾಣೆ.

"ಅಲ್ಲಿ ಕಂಪ್ಯೂಟರ್ ಸಿದ್ದ ಅಂತಿದ್ರು ಸಾ. ಲೋಡ್ ಕೇಳಾಕೆ ಬಂದೋರ್ಗೆಲ್ಲ, 'ಅವನ್ ಗಾಡಿಗಾ? ಒಣಗ್ಸಾಕೆ ಒಂದ್ ಬ್ಯಾರನ್ನೂ ಜೊತೇಲಿ ತಕಂಡೋಗಿ' ಅಂತ ನಗ್ತಿದ್ರು. ಇಲ್ಲಿಗ್ ಬಂದ್ರೆ ಕತೆ ನನ್ಗಿಂತ ಮುಂಚೇನೇ ಬಂದು ಕೂತಿತ್ತು." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಾರಿಯ ಗುಂಡಿಗಳನ್ನು ತಪ್ಪಿಸುತ್ತ ಹೇಳುತ್ತಿದ್ದ. "ನೆಂದ್ರೂ ಕೆಡ್ದೇ ಇರೋದು ಮಾತ್ರ ನಂಗೆ. ಇಟ್ಟಿಗೆ, ಜಲ್ಲಿ, ಸೈಜುಗಲ್ಲು. ಸಿಮೆಂಟ್ ಕಂಬ ಕೊಡ್ತರೆ, ಸಿಮೆಂಟ್ ಮೂಟೆ ಕೊಡಾಕಿಲ್ಲ. ಒಗೆಸೊಪ್ಪಿನ ಬೇಲು-ಮೂಟೆ ಒಂದ್ ಕಿತನಾದ್ರೂ ಏರುದ್ನಾ ಅಂದ್ರೆ ಇಲ್ಲ. ಸೀಜನ್ನಲ್ಲಿ ಎಲ್ರ ಗಾಡೀನೂ ಹರಾಜ್‌ಕಟ್ಟೆ ಮುಂದೆ, ನನ್ ಗಾಡಿ ಕಲ್ಲುಕ್ವಾರಿ ಮುಂದೆ."

"ನಿಮ್ಮ ಮಾವ ಕಾಳಪ್ಪನಾದ್ರೂ ಕೊಡಬೇಕಿತ್ತು. ಬ್ಯಾರನ್ನಿಗೆ ಇಡಿ ಅಂದೋನು ನಾನು ಅಂತ ಅವನಿಗೆ ಗೊತ್ತಲ್ಲ."

"ಗೊತ್ತು. 'ನಿಂದ್ ತಪ್ಪಿಲ್ಲ ಕಣ್ಲಾ, ಆದ್ರೆ ನಿನ್ ಗಾಡೀಲಿ ಬೇಲು ತಂದ್ರೆ ಗ್ರೇಡ್ ಮಾಡೋರು ನೆಂದದೆ ಅಂತ್ಲೇ ಮುಟ್ಟಿ ನೋಡ್ತರೆ' ಅಂದ. ಅದೂ ದಿಟವೇಯ." ಎದುರು ಬಂದ ಬಸ್ಸಿಗೆ ದಾರಿ ಬಿಟ್ಟು ಅವನೇ ಹೇಳಿದ. "ನೀವು ಏಳೋದ್ನ ನಾನೂ ಒಂದ್ ಸಲ ಕೇಳಿವ್ನಿ ಸಾ. ಪಿರಿಯಾಪಟ್ನದಲ್ಲಿ ಒಂದ್ ಮದ್ವೆ, ನಾನು ಹಿಂದ್ಗಡೆ ಶಾಮಿಯಾನದ ಕಂಬ ಇಳಿಸ್ತಿದ್ದೆ. ಚೆನ್ನಾಗ್ ಏಳ್ತೀರಿ. ನಂಗೂ ನಗಾ ಬಂತು."

ಬೈದಿದ್ದರೆ ಸಮಾಧಾನವಾಗುತ್ತಿತ್ತು. ನಂಗೂ ನಗಾ ಬಂತು ಎಂದನಲ್ಲ, ಅದು ನನಗೆ ತಡೆಯಲಾಗಲಿಲ್ಲ. ಹತ್ತು ವರ್ಷದಲ್ಲಿ ಮೊದಲ ಬಾರಿಗೆ ನನಗೆ ನನ್ನ ಬಗ್ಗೆ ನಾಚಿಕೆಯಾಯಿತು. ಹೇಳಲು ಮಾತು ಹುಡುಕುತ್ತಿರುವಾಗಲೇ ಮಳೆ ಬಂತು. ನಾಟಕದವರು ಹೇಳಿ ಕರೆಸಿದರೂ ಅಷ್ಟು ಸರಿಯಾಗಿ ಬರುವುದಿಲ್ಲ. ಅದೇ ರಸ್ತೆ, ಅದೇ ಪೆಟ್ಟಿಗೆ, ಅದೇ ಇಬ್ಬರು, ಟಾರ್ಪಾಲು ಒಂದೇ. ಎಡಗಡೆಯ ಇರಚಲು ನನ್ನ ತೊಡೆಗೆ, ತೋಳಿಗೆ, ಕಿವಿಗೆ ಬಡಿಯತೊಡಗಿತು. ಸಿದ್ದರಾಜು ಗಾಡಿಯನ್ನು ಪಕ್ಕಕ್ಕೆ ಹಾಕಿ ಇಳಿದು ಹಿಂದಕ್ಕೆ ಹೋಗಿ ಗಂಟಿಗೆ ಕೈ ಹಾಕಿದ.

"ಏನ್ ಮಾಡ್ತಿದ್ದೀಯ?"

"ನೀವು ಒದ್ಕಳಿ ಸಾ. ನೆಂದೋಯ್ತೀರಿ."

ಅವನು ಚುಚ್ಚಲೆಂದು ಹೇಳಿದ್ದಲ್ಲ. ಹೊಸ ಬಟ್ಟೆ ಹಾಕಿದ ಮೇಷ್ಟ್ರು ಮಳೆಯಲ್ಲಿ ಕೇಳುವುದು ಇದನ್ನೇ ಎಂದು ಅವನು ಒಮ್ಮೆ ಕಲಿತಿದ್ದ, ಅಷ್ಟೇ. "ಅದು ಕಂಪ್ಯೂಟರಿಗೆ ಇರಲಿ" ಎಂದೆ. "ನೀವು ನೆನೀತೀರಲ್ಲ" ಎಂದ. "ನೆನೀಲಿ. ಗಾಡಿ ಬಿಡು. ಮನೆಗಿಂತ ಮೊದಲು ಹುಣಸೂರು ಆಟೋ ಸ್ಟ್ಯಾಂಡಿಗೆ ಹೋಗೋಣ" ಎಂದೆ. ಅವನು ಗಂಟಿನಿಂದ ಕೈ ತೆಗೆದು ಬಂದು ಕೂತ. ಅಲ್ಲಿಂದ ಹುಣಸೂರಿನವರೆಗೆ ನಾನು ನೆಂದದ್ದು ಇನ್ನು ನೆನೆಯಲು ಜಾಗವಿಲ್ಲ ಎನ್ನುವಷ್ಟು. ಜೇಬಿನಲ್ಲಿದ್ದ ಅಂಗಡಿಯ ಬಿಲ್‌ಪುಸ್ತಕ ಮುದ್ದೆಯಾಯಿತು.

ಸ್ಟ್ಯಾಂಡಿನಲ್ಲಿ ತಗಡಿನ ಮಾಡಿನ ಕೆಳಗೆ ಎಂಟು ಹತ್ತು ಜನ ಡ್ರೈವರುಗಳು, ಲೋಡು ಗೊತ್ತು ಮಾಡಲು ಬಂದ ನಾಲ್ಕಾರು ರೈತರು ಟೀ ಕುಡಿಯುತ್ತ ಮಳೆ ನಿಲ್ಲಲೆಂದು ಕಾಯುತ್ತಿದ್ದರು. ಎಲ್ಲರಿಗೂ ನಾನು ಗೊತ್ತು. ಅರ್ಧ ಜನರ ಅಫಿಡವಿಟ್ಟು ನಾನೇ ಮಾಡಿಕೊಟ್ಟದ್ದು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆನಾದರೂ, ನೀರು ಸುರಿಸಿಕೊಂಡು ಅವರ ಮುಂದೆ ನಿಂತಾಗ ಬಾಯಿಗೆ ಬಂದದ್ದು ಕಸುಬಿನ ಭಾಷೆ. "ಈ ಮೂಲಕ ನಾನು ಸತ್ಯವಾಗಿ ಪ್ರಮಾಣೀಕರಿಸುವುದೇನೆಂದರೆ" ಎಂದು ಶುರುಮಾಡಿದೆ.

ಹಿರಿಯ ಡ್ರೈವರೊಬ್ಬ ಲೋಟ ಕೆಳಗಿಟ್ಟು, "ಏನ್ ಸಾ, ಅರ್ಜಿ ಓದ್ತಿದ್ದೀರಾ?" ಎಂದು ಕೇಳಿದ.

ಆಮೇಲೆ ನೇರವಾಗಿ ಹೇಳಿದೆ. ಸಿದ್ದರಾಜು ಆವತ್ತು ಟಾರ್ಪಾಲು ತಂದಿದ್ದ, ಬಿಚ್ಚಿಸಿದ್ದು ನಾನು, ಬ್ಯಾರನ್ನಿಗೆ ಇಡಿಸಿದ್ದು ನಾನು, ಸುಳ್ಳು ಹೇಳಿದ್ದೂ ನಾನು, ಊರೂರಿಗೆ ಹಂಚಿದ್ದೂ ನಾನೇ ಎಂದೆ. ಒಬ್ಬರೂ ನಗಲಿಲ್ಲ. ಲೋಡು ಕೇಳಲು ಬಂದಿದ್ದ ರೈತನೊಬ್ಬ ಅನುಮಾನ ಬಗೆಹರಿಸಿಕೊಳ್ಳುವಂತೆ, "ಅಂಗಾರೆ ಮಳೆ ಬರೋವಾಗ ಟಾರ್ಪಾಲು ಯಾರ್ ಮ್ಯಾಲಿತ್ತು?" ಎಂದು ಕೇಳಿದ. "ನನ್ನ ಮೇಲೆ" ಎಂದೆ. ಆಗ ನಗು ಶುರುವಾಯಿತು. ಒಬ್ಬ ಬೆಂಚಿನಿಂದ ಎದ್ದು ನಿಂತು ನಕ್ಕ. ಆ ಕತೆಗೆ ಅಷ್ಟು ನಗು ನನ್ನ ಯಾವ ಮದುವೆಮನೆಯಲ್ಲೂ ಬಂದಿರಲಿಲ್ಲ. ಸಿದ್ದರಾಜು ಮಾತ್ರ ನಮ್ಮ ಕಡೆಗೆ ತಿರುಗದೆ ಗಾಡಿಯ ಹಿಂದೆ ನಿಂತು, ಬಿಚ್ಚಿಯೇ ಇಲ್ಲದ ಗಂಟನ್ನು ಮತ್ತೆ ಮತ್ತೆ ಬಿಗಿ ಮಾಡುತ್ತಿದ್ದ. ಹೊರಡುವಾಗ ಆ ರೈತ ಅವನ ಹತ್ತಿರ ಹೋಗಿ, ಗಂಟನ್ನು ಎಳೆದು ನೋಡಿ, ನಿಮ್ಮ ಫೋನ್ ನಂಬರ್ ಎಷ್ಟಪ್ಪ ಎಂದು ವಿಚಾರಿಸಿದ್ದನ್ನು ನಾನು ನೋಡಿದೆ.

ಮನೆಯ ಬಾಗಿಲು ತೆಗೆದ ಜಯಳಿಗೆ ಕಂಡದ್ದು ಹನಿ ನೀರೂ ತಾಗದ ಒಂದು ಕಂಪ್ಯೂಟರು, ಅದರ ಪಕ್ಕದಲ್ಲಿ ತೊಪ್ಪೆಯಾದ ಗಂಡ. ಸಿದ್ದರಾಜು ಟಾರ್ಪಾಲು ಮಡಿಸುತ್ತ, "ಅಕ್ಕಾ, ಮಾಲು ಒಣಗೇ ಅದೆ, ಮುಟ್ಟಿ ನೋಡ್ಕಳಿ" ಎಂದ. ಅವಳು ನಿಜವಾಗಿಯೂ ಮುಟ್ಟಿ ನೋಡಿದಳು. ಅವನಿಗೆ ಕಾಫಿ ಕೊಟ್ಟು ಕಳಿಸಿದ ಮೇಲೆ ನಾನ್ಯಾಕೆ ನೆಂದೆ ಎಂದು ಕೇಳಿದಳು. ಹೇಳಿದೆ. ಅವಳೂ ನನ್ನ ಮೊದಲ ಕತೆಗೆ ಹತ್ತಾರು ಸಲ ನಕ್ಕವಳೇ. ಈಗ ನಗಲಿಲ್ಲ. ಟವಲು ಕೈಗೆ ಕೊಟ್ಟು, "ನಿಮ್ಮನ್ನ ಯಾವ ಬ್ಯಾರನ್ನಿಗೆ ಹಾಕ್ಲಿ ಈಗ" ಎಂದು ಒಳಗೆ ಹೋದಳು. ಮಾರನೆಯ ದಿನ ಬೆಳಿಗ್ಗೆ ಉಪ್ಪಿಟ್ಟು ಬಡಿಸುವಾಗ ತೀರ್ಪು ಬಂತು. "ಆ ಕತೆ ಎಷ್ಟು ಜನಕ್ಕೆ ಹೇಳಿದ್ದೀರೋ ಅಷ್ಟೂ ಜನಕ್ಕೆ ಹೋಗಿ ಇದನ್ನೂ ಹೇಳಿ ಬನ್ನಿ."

ಅದೇ ವಾರ ಯಂತ್ರವನ್ನು ಬಿಚ್ಚಿದೆ. ಒಳಗಿನ ಫ್ಯಾನಿನ ಎಲೆಗಳ ನಡುವೆ ಒಂದು ಹೊಗೆಸೊಪ್ಪಿನ ಎಲೆ ಸಿಕ್ಕಿಕೊಂಡಿತ್ತು, ತುದಿ ಸುಟ್ಟಿತ್ತು. ನನಗೆಲ್ಲ ನೆನಪಾಯಿತು. ಬ್ಯಾರನ್ನಿನಿಂದ ತೆಗೆದು ಹುಣಸೂರಿನಲ್ಲಿ ಸ್ವಿಚ್ ಹಾಕಿದಾಗ ಹೊಗೆಯ ವಾಸನೆ ಬಂದು, ಎಲ್ಲರೂ ಹೊರಗೆ ಓಡಿ, ತಜ್ಞನಾದ ನಾನು ಇದು ಸತ್ತಿದೆ ಎಂದು ಸಾರಿ ಪ್ಲಗ್ ಕಿತ್ತಿದ್ದೆ. ಅದಾದ ಮೇಲೆ ಅದನ್ನು ಯಾರೂ ಮತ್ತೆ ಹಚ್ಚಿ ನೋಡಿರಲಿಲ್ಲ. ಎಲೆ ತೆಗೆದು, ತಂತಿಗಳನ್ನು ಒರೆಸಿ, ದೇವರ ಮೇಲೆ ಭಾರ ಹಾಕಿ ಸ್ವಿಚ್ ಒತ್ತಿದೆ. ಫ್ಯಾನು ತಿರುಗಿತು, ಪರದೆ ಬೆಳಗಿತು, ಸಾವಿರದ ಒಂಬೈನೂರ ಎಂಬತ್ತರ ಜನವರಿ ಒಂದು ಎಂದು ತೋರಿಸಿ ಇವತ್ತಿನ ತಾರೀಖು ಎಷ್ಟು ಎಂದು ಕೇಳಿತು. ಆ ದಿನ ಒಂದು ಸ್ಕ್ರೂಡ್ರೈವರ್ ಹಿಡಿದು ಐದು ನಿಮಿಷ ಕೂತಿದ್ದರೆ ಕಂಪ್ಯೂಟರ್ ಕೆಟ್ಟ ಕತೆಯೇ ಹುಟ್ಟುತ್ತಿರಲಿಲ್ಲ. ಜಯ ಬಾಗಿಲಲ್ಲಿ ನಿಂತು ನೋಡಿ, "ಇದೊಂದು ಇರ್ಲಿ. ಮಿಕ್ಕ ಹನ್ನೊಂದು ಹೋಗ್ಲಿ" ಎಂದಳು. ಉಪಯೋಗದ ಕೆಲಸ ಯಾವುದು ಮಾಡಿದೆ ಎಂದು ನಾನೇ ದಡ್ಡನಂತೆ ಕೇಳಿದೆ. "ನಿಮ್ಮ ಬಾಯಿಂದ ನಿಜ ಹೊರಡಿಸಿದ್ಯಲ್ಲ" ಎಂದಳು. ಈಗ ಆ ಕೋಣೆಯಲ್ಲಿ ರಾಗಿ ಮೂಟೆಗಳಿವೆ, ಮೂಲೆಯಲ್ಲಿ ಇದಿದೆ. ಮೋಡ ಮುಚ್ಚಿದ ದಿನ ಸಣ್ಣಗೆ ಹೊಗೆಸೊಪ್ಪು ವಾಸನೆ ಬರುತ್ತದೆ, ಮುದ್ದೆಯಲ್ಲೂ ಒಂದೊಂದು ಸಲ.

ತೀರ್ಪನ್ನು ಜಾರಿ ಮಾಡುವುದು ಸುಲಭವಾಗಿರಲಿಲ್ಲ. ಮೊದಲು ನಂಜುಂಡಯ್ಯ ಮೇಷ್ಟ್ರನ್ನು ಹುಡುಕಿದೆ. ಅವರು ಸಾಮಾನೆಲ್ಲ ಗುಜರಿಗೆ ಹಾಕಿ ಕೇಂದ್ರ ಮುಚ್ಚಿ ಕೆ.ಆರ್. ನಗರದಲ್ಲಿ ಮಗಳ ಮನೆಯಲ್ಲಿದ್ದರು. ವರಾಂಡದಲ್ಲಿ ಕೂತು ಕಣ್ಣು ಮುಚ್ಚಿ ಪೂರ್ತಿ ಕೇಳಿಸಿಕೊಂಡು, "ನನಗೆ ಆವತ್ತೇ ಗೊತ್ತಿತ್ತಯ್ಯ" ಎಂದರು.

"ಹೇಗೆ ಸರ್?"

"ಕಂಪ್ಯೂಟರು ನೆಂದಿದೆ ಅಂದೆ, ಡ್ರೈವರು ನೆಂದು ನಡುಗ್ತಿದ್ದ. ನಿನ್ನ ಅಂಗಿ ಒಣಗಿತ್ತು."

ಮತ್ತೆ ಆವತ್ತೇ ಯಾಕೆ ಕೇಳಲಿಲ್ಲ ಎಂದೆ. ಇವತ್ತಲ್ಲ ನಾಳೆ ನೀನೇ ಹೇಳುತ್ತೀಯ ಎಂದುಕೊಂಡೆ, ಹತ್ತು ವರ್ಷ ಹಿಡಿಯುತ್ತದೆ ಎಂದುಕೊಂಡಿರಲಿಲ್ಲ, ಅಷ್ಟರಲ್ಲಿ ಆ ಹುಡುಗನ ಹೊಟ್ಟೆಪಾಡು ಕೆಟ್ಟಿದ್ದು ನನ್ನ ತಪ್ಪೂ ಹೌದು ಎಂದರು. ನಾನು ತಲೆ ಬಗ್ಗಿಸಿ ಎದ್ದು ಬಂದೆ. ಮನೆಗೆ ಬಂದು ಇದನ್ನು ಜಯಳಿಗೆ ಹೇಳಬಾರದಿತ್ತು, ಹೇಳಿದೆ.

ಆಮೇಲೆ ಹುಣಸೂರು, ಪಿರಿಯಾಪಟ್ಟಣ, ಕೋಟೆ ಎಲ್ಲ ಕಡೆ ಹೇಳುತ್ತ ಬಂದೆ. ನನ್ನ ಅಂಗಡಿಗೆ ಈಗ ಟಾರ್ಪಾಲ್ ಅಂಗಡಿ ಎಂದು ಹೆಸರು. ಹೊರಊರಿನವರು ಟಾರ್ಪಾಲು ಕೊಳ್ಳಲು ಬಂದು, ಜೆರಾಕ್ಸ್ ಯಂತ್ರ ನೋಡಿ ಹಿಂದಿರುಗಿದ್ದೂ ಇದೆ. ಆ ವರ್ಷ ಹರಾಜು ಶುರುವಾದಾಗ ಒಂದು ಬೆಳಿಗ್ಗೆ ಸಿದ್ದರಾಜುವಿನ ಗಾಡಿ ಅಂಗಡಿ ಮುಂದೆ ಹಾದುಹೋಯಿತು. ಹಿಂದೆ ಹೊಗೆಸೊಪ್ಪಿನ ಬೇಲುಗಳು, ಮೇಲೆ ಟಾರ್ಪಾಲು, ಬಿಸಿಲು ಸುಡುತ್ತಿದ್ದರೂ ನಾಲ್ಕು ಕಡೆ ಗಂಟು. ಅವನ ಪಕ್ಕದಲ್ಲಿ ಕೂತಿದ್ದ ಮುದುಕ ಕಾಳಪ್ಪ ಎಂದು ಆಮೇಲೆ ತಿಳಿಯಿತು. ಸಿದ್ದರಾಜು ಹಾರನ್ನು ಎರಡು ಸಲ ಒತ್ತಿದ. ನಾನು ಕುಟ್ಟುತ್ತಿದ್ದ ಅಫಿಡವಿಟ್ಟು ಬಿಟ್ಟು ಎದ್ದು ಹೋಗಿ ಗಾಡಿ ಮರೆಯಾಗುವವರೆಗೂ ನೋಡಿದೆ. ನನಗೆ ಬಹಳ ಸಂತೋಷವಾಯಿತು.

ಉಳಿದದ್ದು ಭೇರ್ಯ. ಜಯಳ ಚಿಕ್ಕಪ್ಪನ ಮನೆಯ ಬೀಗರೂಟ, ನನ್ನ ಹಳೆಯ ಕೇಳುಗರೆಲ್ಲ ಒಂದೇ ಕಡೆ. ಮುದ್ದೆ ಸಾರು ಮುಗಿದು ಎಲೆಅಡಿಕೆ ತಟ್ಟೆ ಬಂದ ಮೇಲೆ ಎಂದಿನಂತೆ, ಬ್ಯಾರನ್ ಕತೆ ಎಂದರು. ನಾನು ಗಂಟಲು ಸರಿಮಾಡಿಕೊಂಡು ನಿಜವಾದದ್ದನ್ನು ಹೇಳಿದೆ. ಸಫಾರಿ ಸೂಟು, ಬಿಚ್ಚಿಸಿದ ಟಾರ್ಪಾಲು, ಹತ್ತು ವರ್ಷ ಜಲ್ಲಿ ಹೊತ್ತ ಮನುಷ್ಯ, ಒಂದನ್ನೂ ಬಿಡಲಿಲ್ಲ. ಕೇಳಿದವರು ಹೂಂ ಹೂಂ ಎಂದು ಎಲೆಗೆ ಸುಣ್ಣ ಹಚ್ಚಿಕೊಂಡರು. ಜಯಳ ಚಿಕ್ಕಪ್ಪನಿಗೆ ನಿರಾಶೆಯಾಯಿತು. "ಅಲ್ಲಪ್ಪ, ಇದ್ಕಿಂತ ಮೊದ್ಲುನ್ದೇ ಚೆಂದಾಗಿತ್ತು. ಆ ಡ್ರೈವರ್ರು ಟಾರ್ಪಾಲು ಮರ್ತ್ ಬತ್ತನಲ್ಲ, ಅದ್ನ ಏಳು. ಇಲ್ ಯಾರ್ ಅವ್ರೆ ಕೇಳಾಕೆ" ಎಂದರು. ಸುತ್ತ ಕೂತವರೂ ಹೌದು ಹೌದು ಎಂದರು.

ಮೊದಲನೆಯದೇ ಚೆನ್ನಾಗಿತ್ತು ಎಂದು ಅವರಿಗಿಂತ ನನಗೆ ಚೆನ್ನಾಗಿ ಗೊತ್ತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು, ಫಸ್ಟ್ ಗ್ರೇಡು ಎನ್ನುವ ಮೊದಲು ಎಷ್ಟು ಹೊತ್ತು ಕಾಯಬೇಕು, ಎಲ್ಲ ನಾಲಿಗೆಯ ಮೇಲೆ ಬಂದು ನಿಂತಿತ್ತು. ಬಾಯಿ ಅರ್ಧ ತೆರೆದೂ ಆಗಿತ್ತು. ಪಕ್ಕದಲ್ಲಿ ಕೂತಿದ್ದ ಜಯ ಕೈ ಚಾಚಿ ನನ್ನ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು, ಒಣಗಿದೆಯೋ ನೆಂದಿದೆಯೋ ಎಂದು ಮುಟ್ಟಿ ನೋಡಿದಳು. ನಾನು ಬಾಯಿ ಮುಚ್ಚಿ, ನೀರು ಕುಡಿದು, ಎರಡನೆಯ ಕತೆಯನ್ನೇ ಮತ್ತೆ ಮೊದಲಿನಿಂದ ಹೇಳಿದೆ.